ಹೊರಿಸಿದವನೇ ಹೊಣೆ



ಇಂಗ್ಲಿಷ್ ಭಾಷೆಯಲ್ಲಿ ‘ಅಲೆಜ್’ ಎಂಬುದೊಂದು ಕ್ರಿಯಾಪದವಿದೆ. ಅದರ ವಿಶೇಷಣ ರೂಪವಾದ ‘ಅಲೆಜ್ಡ್’ ಎಂಬುದನ್ನು ನೀವು ಇಂಗ್ಲಿಷ್ ದಿನಪತ್ರಿಕೆಯ ಯಾವ ಪುಟದಲ್ಲಿ ಬೇಕಾದರೂ ಕಾಣಬಹುದು. ನಿಘಂಟನ್ನು ತೆರೆದರೆ ‘ಆರೋಪಿಸು’ ಎಂಬ ಅರ್ಥ ದೊರೆಯುತ್ತದೆ. ಅರ್ಥವೇನೋ ಸರಿ. ಆದರೆ ಆ ಪದದ ಬೆನ್ನಿಗೆ ಒಂದು ಸಾಲವಿದೆ. ‘ನಾನು ಹೇಳಿದ್ದೇನೆ, ಇನ್ನೂ ರುಜುವಾತು ಮಾಡಿಲ್ಲ, ಮಾಡುವ ಹೊಣೆ ನನ್ನದು’ ಎಂಬ ಸಾಲ. ಈಚಿನ ವರ್ಷಗಳಲ್ಲಿ ನಾವೆಲ್ಲರೂ ಪದವನ್ನು ಎತ್ತಿಕೊಂಡು ಸಾಲವನ್ನು ಕೈಬಿಟ್ಟಿದ್ದೇವೆ. ಪತ್ರಿಕೆಗಳು ಬಿಟ್ಟಿವೆ, ದೂರದರ್ಶನ ವಾಹಿನಿಗಳು ಬಿಟ್ಟಿವೆ, ದೇವಾಲಯದ ಅಂಗಳದಲ್ಲಿ ಬಲಿಪೂಜೆಯ ನಂತರ ನಿಂತು ಮಾತನಾಡುವ ನಾವೂ ಬಿಟ್ಟಿದ್ದೇವೆ. ಇದು ವ್ಯಾಕರಣದ ಮಾತಷ್ಟೇ ಆಗಿದ್ದರೆ ಶಾಲಾ ಉಪಾಧ್ಯಾಯರಿಗೆ ಬಿಟ್ಟು ಸುಮ್ಮನಿರುತ್ತಿದ್ದೆ. ಇಲ್ಲಿ ಮನುಷ್ಯರ ಮಾನವಿದೆ. ಅದಕ್ಕಿಂತ ಹೆಚ್ಚಾಗಿ, ದೂರು ಹೇಳಲು ಅಂಜುವ ಮಕ್ಕಳ ರಕ್ಷಣೆಯಿದೆ.

ಮೊದಲು ಪದದ ಸರಿಯಾದ ಬಳಕೆಯನ್ನು ನೋಡೋಣ. ‘ಅಲೆಜ್’ ಎಂದರೆ ಬರೀ ‘ಹೇಳು’ ಎಂದಲ್ಲ. ಬಸ್ಸು ತಡವಾಯಿತೆಂದು ಯಾರೂ ‘ಅಲೆಜ್’ ಮಾಡುವುದಿಲ್ಲ. ಒಬ್ಬಾತನಿಗೆ ಬಹುಮಾನ ಬಂದಿತೆಂದೂ ಯಾರೂ ‘ಅಲೆಜ್’ ಮಾಡುವುದಿಲ್ಲ. ಒಬ್ಬನ ಮೇಲೆ ತಪ್ಪನ್ನೋ ಅಪರಾಧವನ್ನೋ ಹೊರಿಸುವಾಗ, ಅದೂ ಸಾಕ್ಷ್ಯ ಇನ್ನೂ ಪರೀಕ್ಷೆಗೆ ಒಳಗಾಗದೆ ಇರುವಾಗ, ಈ ಪದ ಬರುತ್ತದೆ. ಅಪರಾಧ ಸಾಬೀತಾದ ಮರುಗಳಿಗೆಯೇ ಅದು ಹೊರಟುಹೋಗಬೇಕು. ನ್ಯಾಯಾಲಯ ಶಿಕ್ಷೆ ವಿಧಿಸಿದ ಮೇಲೂ ‘ಅಲೆಜ್ಡ್’ ಎಂದು ಬರೆಯುವುದು ಅಪರಾಧಿಗೆ ಮಾಡುವ ಉಪಚಾರ.

ಇನ್ನೊಂದು ಸೂಕ್ಷ್ಮವಿದೆ. ನಿಮ್ಮ ಧರ್ಮಕೇಂದ್ರದಲ್ಲಿ ಕಾಣಿಕೆ ಪೆಟ್ಟಿಗೆಯ ಬೀಗ ಒಡೆದಿದೆ ಎಂದಿಟ್ಟುಕೊಳ್ಳಿ. ಬೀಗ ಒಡೆದಿರುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಆರೋಪದ ಪ್ರಶ್ನೆಯಿಲ್ಲ. ಪೆಟ್ಟಿಗೆಯಲ್ಲಿ ಹಣವಿತ್ತು, ಈಗ ಇಲ್ಲ, ಅದೂ ಕಂಡದ್ದೇ. ಅದನ್ನು ತೆಗೆದವನು ಇಂಥವನು ಎಂಬ ಮಾತೊಂದೇ ಆರೋಪ. ಆದರೆ ನಾವು ಬರೆಯುವ ರೀತಿಯನ್ನು ನೋಡಿ: ‘ನಡೆದಿದೆ ಎನ್ನಲಾದ ಕಳ್ಳತನದಲ್ಲಿ ಆರೋಪಿಯು ಹಣವನ್ನು ದೋಚಿ ಪರಾರಿಯಾಗಿದ್ದಾನೆ.’ ಕಣ್ಣಿಗೆ ಕಂಡ ಕಳ್ಳತನಕ್ಕೆ ‘ಎನ್ನಲಾದ’ ಎಂಬ ಸಂದೇಹ. ಯಾರೂ ಕಾಣದ ಕಳ್ಳನಿಗೆ ‘ದೋಚಿ ಪರಾರಿಯಾಗಿದ್ದಾನೆ’ ಎಂಬ ನಿಶ್ಚಯ! ಸಂದೇಹ ಇರಬೇಕಾದ ಕಡೆ ಇಲ್ಲ, ಇರಬಾರದ ಕಡೆ ಇದೆ. ಇಂಥ ವಾಕ್ಯಗಳು ದಿನವೂ ಅಚ್ಚಾಗುತ್ತವೆ, ನಾವು ಚಹಾ ಹೀರುತ್ತ ಓದುತ್ತೇವೆ, ಏನೂ ಅನ್ನಿಸುವುದಿಲ್ಲ.

ಗುರುವಿದ್ಯಾಮಂದಿರದಲ್ಲಿ ಲ್ಯಾಟಿನ್ ಓದಿದವರಿಗೆ ಈ ಪದದ ಮೂಲ ಅಪರಿಚಿತವಲ್ಲ. ಲ್ಯಾಟಿನ್ ಭಾಷೆಯ ‘ಅಲ್ಲೆಗಾರೆ’ ಎಂದರೆ ಒಬ್ಬನನ್ನು ಪ್ರತಿನಿಧಿಯಾಗಿ ಕಳುಹಿಸುವುದು, ಆಧಾರವಾಗಿ ಮುಂದಿಡುವುದು. ಇಂಗ್ಲಿಷ್ ಪದ ತನ್ನ ರೂಪವನ್ನು ಹಳೆಯ ಫ್ರೆಂಚಿನಿಂದ ಪಡೆದರೂ ಅರ್ಥವನ್ನು ಬಹುಮಟ್ಟಿಗೆ ಈ ಲ್ಯಾಟಿನ್ ಪದದಿಂದಲೇ ಪಡೆಯಿತು. ಹಿಂದಿನ ನ್ಯಾಯಶಾಸ್ತ್ರಜ್ಞರಲ್ಲಿ ಒಂದು ಸೂತ್ರವಿತ್ತು: ನ್ಯಾಯಾಧೀಶನು ‘ಸೆಕುಂದುಮ್ ಅಲ್ಲೆಗಾತ ಎತ್ ಪ್ರೊಬಾತ’ ತೀರ್ಪು ಕೊಡಬೇಕು. ಅಂದರೆ ಆರೋಪಿಸಲ್ಪಟ್ಟದ್ದು ಮತ್ತು ರುಜುವಾತಾದದ್ದು, ಇವೆರಡರ ಪ್ರಕಾರ. ಸಂತ ತೋಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ಇನ್ನೂ ಕಠಿಣಗೊಳಿಸಿ ಎತ್ತಿಕೊಂಡರು: ನ್ಯಾಯಾಧೀಶನಿಗೆ ಖಾಸಗಿಯಾಗಿ ಏನೋ ತಿಳಿದಿದ್ದರೆ ಅದನ್ನು ನೆಚ್ಚಿ ತೀರ್ಪು ಕೊಡಬಹುದೇ? ಕೂಡದು, ನ್ಯಾಯಪೀಠದ ಮುಂದೆ ಬಂದ ಸಾಕ್ಷ್ಯವನ್ನೇ ಅನುಸರಿಸಬೇಕು ಎಂಬುದು ಅವರ ನಿಲುವು. ‘ಅಲ್ಲೆಗಾತ’ ಮತ್ತು ‘ಪ್ರೊಬಾತ’ ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತುಗಳು. ಇಂದು ಒಂದೇ ಎತ್ತನ್ನು ಕಟ್ಟಿ ಗಾಡಿ ಹೊಡೆಯುತ್ತಿದ್ದೇವೆ. ಗಾಡಿ ಎತ್ತ ಹೊರಳುತ್ತದೆ ಎಂಬುದನ್ನು ಬೇರೆ ಹೇಳಬೇಕೆ?

ನಮ್ಮ ಕನ್ನಡದಲ್ಲಿ ಈ ಅರಿವು ಇಲ್ಲವೆಂದಲ್ಲ. ‘ಆರೋಪ’ ಎಂಬ ಸಂಸ್ಕೃತ ಪದದ ಅರ್ಥವೇ ಒಂದರ ಮೇಲೆ ಇನ್ನೊಂದನ್ನು ಏರಿಸುವುದು. ಮುಖದ ಮೇಲೆ ಚಂದ್ರನನ್ನು ಆರೋಪಿಸಿದರೆ ರೂಪಕಾಲಂಕಾರ ಎಂದು ಪ್ರೌಢಶಾಲೆಯಲ್ಲಿ ಓದಿದ್ದೇವೆ. ವೇದಾಂತಿಗಳು ಹಗ್ಗದ ಮೇಲೆ ಹಾವನ್ನು ಕಾಣುವ ಭ್ರಮೆಗೆ ‘ಅಧ್ಯಾರೋಪ’ ಎನ್ನುತ್ತಾರೆ. ಅಂದರೆ ಆರೋಪವೆಂಬುದು ವಸ್ತುವಿನಲ್ಲಿ ಇರುವಂಥದ್ದಲ್ಲ, ಹೊರಗಿನಿಂದ ಏರಿಸಿದ್ದು ಎಂಬ ತಿಳಿವು ಆ ಪದದೊಳಗೇ ಇದೆ. ಅಚ್ಚಗನ್ನಡದಲ್ಲಿಯೂ ‘ಆರೋಪ ಹೊರಿಸಿದ’ ಎನ್ನುತ್ತೇವೆ. ಹೊರೆ ಹೊತ್ತವನು ಒಬ್ಬ, ಹೊರಿಸಿದವನು ಮತ್ತೊಬ್ಬ. ಎಷ್ಟು ಸ್ಪಷ್ಟ!

ಆದರೆ ‘ಆರೋಪಿ’ ಎಂಬ ಪದಕ್ಕೆ ಬಂದಾಗ ಈ ಸ್ಪಷ್ಟತೆ ಮಾಯವಾಯಿತು. ಆರೋಪಕ್ಕೆ ಗುರಿಯಾದವನು ‘ಆರೋಪಿತ’ ಆಗಬೇಕಿತ್ತು. ‘ಆರೋಪಿ’ ಎಂದರೆ ಆರೋಪ ಮಾಡುವವನು ಎಂದೂ ಅರ್ಥ ಹೇಳಬಹುದು. ರೂಢಿಯೇ ಗೆದ್ದಿದೆ, ಅದನ್ನು ಬದಲಿಸಲು ನಾನು ಹೊರಟಿಲ್ಲ. ನನ್ನನ್ನು ಕಾಡುವುದು ಆ ಪದದ ನಾದ. ಪಾಪಿ, ದ್ರೋಹಿ, ಅಪರಾಧಿ, ಆರೋಪಿ: ಕಿವಿಗೆ ನಾಲ್ಕೂ ಒಂದೇ ಸಾಲಿನಲ್ಲಿ ಕುಳಿತಂತೆ ಕೇಳಿಸುತ್ತವೆ. ‘ಆರೋಪಿ ಸಿಕ್ಕಿಬಿದ್ದ’ ಎಂದೊಡನೆ ನಮ್ಮ ಮನಸ್ಸು ಪ್ರಕರಣವನ್ನು ಮುಗಿಸಿ ಕಡತವನ್ನು ಕಟ್ಟಿಡುತ್ತದೆ.

ಇದಕ್ಕಿಂತಲೂ ಅಪಾಯಕಾರಿಯಾದ ಒಂದು ಪ್ರತ್ಯಯ ನಮ್ಮಲ್ಲಿದೆ: ‘ಅಂತೆ’. ‘ಅವನು ಕದ್ದನಂತೆ’, ‘ಅವಳು ಹೋದಳಂತೆ’. ಹೇಳುವವನು ತಾನು ಕಂಡಿಲ್ಲ, ಕೇಳಿದ್ದು ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಪ್ರತ್ಯಯವಿದು. ಇಂಗ್ಲಿಷಿನವರಿಗೆ ಇಷ್ಟು ಚಿಕ್ಕದಾದ, ಚೊಕ್ಕದಾದ ಸಾಧನವಿಲ್ಲ. ಆದರೆ ಒಂದು ಕೊರತೆ. ಯಾರು ಹೇಳಿದರು ಎಂಬುದು ‘ಅಂತೆ’ಯಲ್ಲಿ ಇರುವುದಿಲ್ಲ. ಅದಕ್ಕೆ ತಂದೆಯಿಲ್ಲ, ತಾಯಿಯಿಲ್ಲ, ಊರಿಲ್ಲ, ಮನೆಯಿಲ್ಲ. ಅಂತೆಕಂತೆಗಳ ಸಂತೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ‘ಅಲೆಜ್’ ಎಂಬ ಕ್ರಿಯಾಪದವನ್ನು ನೇರವಾಗಿ ಬಳಸಿದಾಗ ಅದು ಒಬ್ಬ ಕರ್ತೃವನ್ನು ಕೇಳುತ್ತದೆ. ಯಾರು ಆರೋಪಿಸಿದರು? ಪೊಲೀಸರೇ? ನೆರೆಯವರೇ? ನೊಂದವರೇ? ಕರ್ತೃವನ್ನು ಕೊಟ್ಟೊಡನೆ ಆತನನ್ನು ಕರೆದು ಪ್ರಶ್ನಿಸಬಹುದು. ಅದಕ್ಕಾಗಿಯೇ ಜಾಣರು ಕರ್ಮಣಿ ಪ್ರಯೋಗವನ್ನು ಹಿಡಿದರು: ‘ಎಂದು ಆರೋಪಿಸಲಾಗಿದೆ’, ‘ಎನ್ನಲಾಗುತ್ತಿದೆ’. ಇದು ಇಸ್ತ್ರಿ ಹಾಕಿದ ‘ಅಂತೆ’ಯಲ್ಲದೆ ಮತ್ತೇನು?

ಆರೋಪಕ್ಕೆ ಒಡೆಯನೂ ವಿಳಾಸವೂ ಇದ್ದರೆ ಏನಾಗುತ್ತದೆ, ಕೇಳುವವರು ಅದನ್ನು ಮರೆತರೆ ಏನಾಗುತ್ತದೆ ಎಂಬ ಎರಡಕ್ಕೂ ಒಂದೇ ಪ್ರಕರಣ ಸಾಕ್ಷಿಯಾಗಿದೆ. ಬೆಂಗಳೂರಿನಲ್ಲಿ ವೈದ್ಯಶಿಕ್ಷಣ ಪಡೆದ ಡಾಕ್ಟರ್ ಮಹಮ್ಮದ್ ಹನೀಫ್ 2007ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಆ ವರ್ಷ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪೊಂದನ್ನು ನುಗ್ಗಿಸಲಾಯಿತು. ಜುಲೈ 2ರಂದು ಹನೀಫ್ ಅವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಹನ್ನೆರಡು ದಿನ ದೋಷಾರೋಪಣೆಯೇ ಇಲ್ಲದೆ ಇರಿಸಿಕೊಂಡು, ಜುಲೈ 14ರಂದು ಆರೋಪ ಹೊರಿಸಿದರು. ಬ್ರಿಟನ್ ಬಿಡುವಾಗ ಅವರು ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ಸಂಬಂಧಿಯೊಬ್ಬನಿಗೆ ಕೊಟ್ಟುಬಂದಿದ್ದರು. ಆ ಸಿಮ್ ಕಾರ್ಡು ಗ್ಲಾಸ್ಗೋದ ಜೀಪಿನಲ್ಲಿ ಸಿಕ್ಕಿತೆಂದು ಸರ್ಕಾರದ ಪರ ವಕೀಲರು ನ್ಯಾಯಾಲಯದಲ್ಲಿ ಹೇಳಿದರು. ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಅದೇ ದಿನ ಸರ್ಕಾರ ಅವರ ವೀಸಾ ರದ್ದುಮಾಡಿ ಅವರನ್ನು ಬಂಧನದಲ್ಲೇ ಉಳಿಸಿತು.

ಸಿಮ್ ಕಾರ್ಡು ಜೀಪಿನಲ್ಲಿ ಇರಲೇ ಇಲ್ಲ. ಅದು ಲಿವರ್‌ಪೂಲ್ ನಗರದಲ್ಲಿ ಆ ಸಂಬಂಧಿಯ ಬಳಿ ಇತ್ತು. ಜುಲೈ 27ರಂದು ದೋಷಾರೋಪಣೆಯನ್ನು ಹಿಂತೆಗೆದುಕೊಂಡರು. ಎರಡು ದಿನಗಳಲ್ಲಿ ಹನೀಫ್ ಬೆಂಗಳೂರಿಗೆ ಮರಳಿದರು. ಮುಂದೆ ಜಾನ್ ಕ್ಲಾರ್ಕ್ ಅವರ ವಿಚಾರಣಾ ವರದಿ 2008ರಲ್ಲಿ ಅವರ ಮೇಲೆ ದೋಷ ಹೊರಿಸಲು ಆಧಾರವಿರಲಿಲ್ಲವೆಂದಿತು. 2010ರಲ್ಲಿ ಪರಿಹಾರವೂ ದೊರೆಯಿತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ‘ಸಿಮ್ ಜೀಪಿನಲ್ಲಿತ್ತು’ ಎಂಬುದು ಖಚಿತವಾದ, ಒಡೆಯನುಳ್ಳ ಆರೋಪವಾಗಿತ್ತು. ಆದ್ದರಿಂದಲೇ ಅದನ್ನು ಪರೀಕ್ಷಿಸಲು, ಪರೀಕ್ಷಿಸಿ ಸುಳ್ಳೆಂದು ತೋರಿಸಲು ಸಾಧ್ಯವಾಯಿತು. ‘ಅವನಿಗೂ ಅವರಿಗೂ ನಂಟಿತ್ತಂತೆ’ ಎಂಬಷ್ಟರಲ್ಲೇ ಮಾತು ನಿಂತಿದ್ದರೆ ಅದನ್ನು ಸುಳ್ಳೆಂದು ತೋರಿಸುವುದು ಯಾರಿಂದಲೂ ಆಗುತ್ತಿರಲಿಲ್ಲ, ಇಂದಿಗೂ ತೂಗಾಡುತ್ತಿರುತ್ತಿತ್ತು. ಎರಡನೆಯದು ನಮಗೆ ಸಂಬಂಧಿಸಿದ್ದು. ವಕೀಲರು ಆರೋಪಿಸಿದರು, ಜಗತ್ತು ತೀರ್ಪೆಂದು ಕೇಳಿಸಿಕೊಂಡಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಆಸ್ಟ್ರೇಲಿಯಾದಲ್ಲಿಯೂ ಇದ್ದರು, ನಮ್ಮೂರಿನಲ್ಲಿಯೂ ಇದ್ದರು.

‘ಫಾದರ್, ನಾನು ಆರೋಪಿಸಿಲ್ಲ, ಬಂದದ್ದನ್ನು ಮುಂದೆ ಕಳುಹಿಸಿದೆ ಅಷ್ಟೇ’ ಎಂದು ವಾಟ್ಸಾಪ್ ಬಳಸುವ ಸಹೋದರ ಸಹೋದರಿಯರು ಹೇಳುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ, ಮೊದಲಿಗೆ ‘ಅಲೆಜೆಡ್ಲಿ’ ಎಂದು ಸೇರಿಸಿದರೆ ಕಾನೂನು ಮುಟ್ಟುವುದಿಲ್ಲ ಎಂದು ನಂಬಿದ್ದಾರೆ. ಈ ನಂಬಿಕೆಗೆ ಆಧಾರವಿಲ್ಲ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಿದೆ; ಅದರ 356ನೇ ಕಲಮು ಮಾನಹಾನಿಯನ್ನು ಕುರಿತದ್ದು. ಆರೋಪ ಮಾಡುವುದು ಮಾತ್ರವಲ್ಲ, ಅದನ್ನು ಪ್ರಕಟಿಸುವುದೂ ಅಲ್ಲಿ ಅಪರಾಧವಾಗಬಲ್ಲದು. ಒಂದು ಕ್ರಿಯಾವಿಶೇಷಣ ಲಸಿಕೆಯಂತೆ ಕೆಲಸ ಮಾಡುವುದಿಲ್ಲ. ಕಾನೂನಿನ ಮಾತು ಹಾಗಿರಲಿ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು ಎಂಟನೆಯ ಕಟ್ಟಳೆಯನ್ನು ವಿವರಿಸುವಾಗ ಮೂರು ಪಾಪಗಳನ್ನು ಬೇರೆ ಬೇರೆಯಾಗಿ ಹೆಸರಿಸುತ್ತದೆ: ಸುಳ್ಳಾಡಿ ಹೆಸರು ಕೆಡಿಸುವುದು, ನಿಜವೇ ಆದರೂ ತಕ್ಕ ಕಾರಣವಿಲ್ಲದೆ ಒಬ್ಬರ ದೋಷವನ್ನು ತಿಳಿಯದವರಿಗೆ ಬಿಚ್ಚಿಡುವುದು, ಮತ್ತು ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ನಿಜವೆಂದು, ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನೊಳಗೆ, ಒಪ್ಪಿಕೊಳ್ಳುವುದು. ಈ ಮೂರನೆಯದನ್ನು ಪಾಪನಿವೇದನೆಯಲ್ಲಿ ಹೇಳಿಕೊಳ್ಳುವವರು ಬಹಳ ವಿರಳ. ಕೇಳಿದ್ದನ್ನು ನಂಬಿದ್ದೂ ಪಾಪವೇ ಎಂದು ಆಶ್ಚರ್ಯಪಡುವವರೇ ಹೆಚ್ಚು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದ ನಾಡಿನಲ್ಲಿ ನಾವು ಹಿತ್ತಾಳೆ ಕಿವಿಯನ್ನೇ ಇಟ್ಟುಕೊಂಡಿದ್ದೇವೆ.

ಇಷ್ಟು ಓದಿದ ಕೆಲವರು ತಲೆದೂಗುತ್ತಿರಬಹುದು: ‘ಸರಿಯಾಗಿ ಹೇಳಿದರು ಸ್ವಾಮಿಗಳು; ಗುರುಗಳ ಮೇಲೆ, ಸಂಸ್ಥೆಗಳ ಮೇಲೆ, ದೊಡ್ಡವರ ಮೇಲೆ ಬಾಯಿಗೆ ಬಂದಂತೆ ಮಾತನಾಡುವವರಿಗೆ ಇದು ಪಾಠ.’ ದಯವಿಟ್ಟು ತಲೆದೂಗುವುದನ್ನು ನಿಲ್ಲಿಸಿ. ಈ ಲೇಖನದ ಖಾರ ಇನ್ನು ಮುಂದಿದೆ.

ದಾನಿಯೇಲನ ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿ ಬರುವ ಸುಸನ್ನಳ ಕಥೆಯನ್ನು ತಪಸ್ಸುಕಾಲದ ಐದನೆಯ ವಾರದ ಸೋಮವಾರ ಪ್ರತಿವರ್ಷವೂ ಕೇಳುತ್ತೇವೆ. ನ್ಯಾಯಾಧೀಶರಾಗಿದ್ದ ಇಬ್ಬರು ಹಿರಿಯರು ಆಕೆಯನ್ನು ತೋಟದಲ್ಲಿ ಬೆದರಿಸಿದರು. ಆಕೆ ಒಪ್ಪದಿದ್ದಾಗ ಆಕೆಯೇ ಯುವಕನೊಬ್ಬನೊಡನೆ ವ್ಯಭಿಚಾರ ಮಾಡಿದಳೆಂದು ಸಭೆಯಲ್ಲಿ ಆರೋಪಿಸಿದರು. ಸಭೆ ನಂಬಿತು. ಏಕೆ ನಂಬಿತು? ಅವರು ಹಿರಿಯರು, ಜನರ ನ್ಯಾಯಾಧೀಶರು ಎಂಬ ಕಾರಣಕ್ಕೆ. ಪವಿತ್ರ ಗ್ರಂಥವೇ ಈ ಕಾರಣವನ್ನು ಹೇಳುತ್ತದೆ. ದಾನಿಯೇಲ ಬಂದು ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದ. ಒಬ್ಬ ಒಂದು ಮರದ ಹೆಸರು ಹೇಳಿದ, ಮತ್ತೊಬ್ಬ ಇನ್ನೊಂದು ಮರದ ಹೆಸರು ಹೇಳಿದ. ಅಡ್ಡಸವಾಲಿನ ಮಹಿಮೆಯನ್ನು ತೋರಿಸಲು ಈ ಕಥೆಯನ್ನು ಪ್ರಬೋಧನೆಗಳಲ್ಲಿ ಹೇಳುತ್ತೇವೆ, ಅಲ್ಲಿಗೆ ನಿಲ್ಲಿಸುತ್ತೇವೆ. ಆದರೆ ಆ ಸಭೆಯಲ್ಲಿ ಮತ್ತೊಂದು ದೂರು ಇತ್ತಲ್ಲವೇ? ಆ ಇಬ್ಬರು ತನ್ನನ್ನು ಬಲವಂತಪಡಿಸಲು ಬಂದರೆಂಬ ಸುಸನ್ನಳ ದೂರು. ಅದನ್ನು ಆಕೆ ದೇವರ ಮುಂದೆ ಮಾತ್ರ ಅತ್ತು ಹೇಳಿಕೊಂಡಳು. ಸಭೆಯಲ್ಲಿ ಒಬ್ಬರೂ ಆಕೆಯನ್ನು ಕೇಳಲಿಲ್ಲ. ಹಿರಿಯರ ಆರೋಪ ಹುಟ್ಟಿದ ಗಳಿಗೆಯಲ್ಲೇ ಸಾಕ್ಷ್ಯವಾಯಿತು. ಆಕೆಯ ಮಾತಿಗೆ ಆರೋಪದ ಸ್ಥಾನವೂ ಸಿಗಲಿಲ್ಲ.

ಈ ತಕ್ಕಡಿ ಇಂದಿಗೂ ನಮ್ಮ ಕೈಯಲ್ಲಿದೆ. ಮನೆಗೆಲಸದ ಹೆಣ್ಣುಮಗಳು ಬಳೆ ಕದ್ದಳೆಂದು ಯಜಮಾನಿ ಹೇಳಿದರೆ ಅದು ಸುದ್ದಿ. ಯಜಮಾನ ಕೈಹಿಡಿದು ಎಳೆದನೆಂದು ಆ ಹೆಣ್ಣುಮಗಳು ಹೇಳಿದರೆ ಅದು ‘ಬರೀ ಆರೋಪ’. ವಿದ್ಯಾರ್ಥಿ ಪರೀಕ್ಷೆಯಲ್ಲಿ ನಕಲು ಮಾಡಿದನೆಂದರೆ ಸತ್ಯ; ವಿದ್ಯಾರ್ಥಿನಿ ಉಪಾಧ್ಯಾಯರ ವರ್ತನೆಯ ಬಗ್ಗೆ ಹೇಳಿದರೆ ‘ಅಲೆಜ್ಡ್’. ಪದ ಒಂದೇ. ದುರ್ಬಲರ ಮೇಲೆ ಹೊರಿಸುವಾಗ ಅದನ್ನು ಬೇಕೆಂದೇ ಬಿಡುತ್ತೇವೆ. ಬಲವಂತರ ಮೇಲೆ ಹೊರಿಸಿದಾಗ ಅದನ್ನು ಕಂಬಳಿಯಂತೆ ಹೊದಿಸುತ್ತೇವೆ. ‘ಬರೀ’ ಎಂಬ ಎರಡಕ್ಷರ ನೋಡಿ! ಆರೋಪವೆಂದರೆ ಇನ್ನೂ ರುಜುವಾತಾಗದ ಮಾತು. ಸುಳ್ಳೆಂದು ರುಜುವಾತಾದ ಮಾತು ಎಂಬ ಅರ್ಥ ಅದಕ್ಕೆ ಯಾವ ನಿಘಂಟಿನಲ್ಲಿಯೂ ಇಲ್ಲ. ‘ಅವಳು ಸುಳ್ಳು ಹೇಳುತ್ತಿದ್ದಾಳೆ’ ಎಂಬುದು ಮತ್ತೊಂದು ಆರೋಪ; ಅದನ್ನು ಹೊರಿಸಿದವನಿಗೂ ರುಜುವಾತಿನ ಹೊಣೆಯಿದೆ.

ನಮ್ಮ ಧರ್ಮಸಭೆ ಈ ಕಂಬಳಿಯನ್ನು ಹೊದ್ದುಕೊಂಡದ್ದರ ಫಲವನ್ನು ಜಗತ್ತೇ ಕಂಡಿದೆ. 2002ರ ಜನವರಿಯಲ್ಲಿ ಅಮೆರಿಕದ ‘ಬೋಸ್ಟನ್ ಗ್ಲೋಬ್’ ಪತ್ರಿಕೆ ಬರೆದದ್ದು ಕೇವಲ ಒಬ್ಬ ಗುರುವಿನ ಪಾಪವನ್ನಲ್ಲ. ದೂರುಗಳು ವರ್ಷಗಟ್ಟಲೆ ಬಂದರೂ ಆತನನ್ನು ಒಂದು ಧರ್ಮಕೇಂದ್ರದಿಂದ ಮತ್ತೊಂದಕ್ಕೆ ವರ್ಗಾಯಿಸುತ್ತ ಹೋದ ಆಡಳಿತದ ಕಥೆ ಅದು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಕಾರ್ಡಿನಲರು ರಾಜೀನಾಮೆ ಕೊಡಬೇಕಾಯಿತು. ದೂರುಗಳನ್ನು ‘ಇನ್ನೂ ಆರೋಪ ಮಾತ್ರ’ ಎಂದು ಮೇಜಿನ ಒಳಗೆ ಇಡುವ ಅಭ್ಯಾಸ ಬೋಸ್ಟನ್ನಿಗೆ ಮಾತ್ರ ಸೀಮಿತವೆಂದು ನಂಬುವಷ್ಟು ಮುಗ್ಧರು ನನ್ನ ಓದುಗರಲ್ಲಿ ಇಲ್ಲವೆಂದುಕೊಂಡಿದ್ದೇನೆ.

ಹಾಗೆ ಮೇಜಿನೊಳಗೆ ಇಡುವುದಕ್ಕೆ ಧರ್ಮಸಭೆಯ ಕಾನೂನಿನ ಆಸರೆಯೂ ಇಲ್ಲ. 2021ರ ಡಿಸೆಂಬರ್ 8ರಿಂದ ಜಾರಿಯಲ್ಲಿರುವ ಪರಿಷ್ಕೃತ 1321ನೇ ಕಟ್ಟಳೆಯು, ವಿರುದ್ಧವಾದುದು ರುಜುವಾತಾಗುವವರೆಗೆ ಪ್ರತಿಯೊಬ್ಬನೂ ನಿರಪರಾಧಿಯೆಂದು ಭಾವಿಸಬೇಕೆನ್ನುತ್ತದೆ. ಇದನ್ನು ನಮ್ಮವರು ಬೇಗ ಕಂಠಪಾಠ ಮಾಡುತ್ತಾರೆ. ಅದೇ ಸಂಹಿತೆಯ 1717ನೇ ಕಟ್ಟಳೆ ಅಷ್ಟು ಬೇಗ ನೆನಪಿಗೆ ಬರುವುದಿಲ್ಲ. ಸತ್ಯದಂತೆ ತೋರುವ ಸುದ್ದಿಯಾದರೂ ಬಂದಾಗ ಧರ್ಮಾಧ್ಯಕ್ಷರು ಎಚ್ಚರದಿಂದ ತನಿಖೆ ನಡೆಸಬೇಕು, ಆ ತನಿಖೆಯಿಂದ ಯಾರ ಒಳ್ಳೆಯ ಹೆಸರಿಗೂ ಕುಂದು ಬರಬಾರದು ಎಂದು ಅದು ಹೇಳುತ್ತದೆ. ರುಜುವಾತಾದ ಸುದ್ದಿ ಎಂದಿಲ್ಲ. ಸತ್ಯದಂತೆ ತೋರುವ ಸುದ್ದಿ! ನಿರಪರಾಧಿಯೆಂದು ಭಾವಿಸುವುದು ತೀರ್ಪಿನ ವಿಷಯ, ತನಿಖೆಯನ್ನು ಬಿಡುವುದಕ್ಕೆ ನೆಪವಲ್ಲ.

ಮಕ್ಕಳ ವಿಷಯದಲ್ಲಂತೂ ದೇಶದ ಕಾನೂನು ಇನ್ನೂ ನೇರವಾಗಿದೆ. 2012ರ ಪೋಕ್ಸೊ ಕಾಯಿದೆಯ 19ನೇ ಕಲಮಿನ ಪ್ರಕಾರ ಇಂಥ ಅಪರಾಧ ನಡೆದಿದೆಯೆಂದು ತಿಳಿದವರೂ, ನಡೆಯಬಹುದೆಂಬ ಆತಂಕವಿರುವವರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸುವವರು ರುಜುವಾತು ಹೊತ್ತುಕೊಂಡು ಹೋಗಬೇಕೆಂದು ಕಾನೂನು ಕೇಳುವುದಿಲ್ಲ. ಅದು ತನಿಖೆ ಮಾಡುವವರ ಕೆಲಸ. ‘ಸಾಕ್ಷಿಯಿದೆಯೇ? ಇಲ್ಲದಿದ್ದರೆ ಸುಮ್ಮನಿರು, ಮನೆಯ ಮರ್ಯಾದೆ ಹೋಗುತ್ತದೆ’ ಎಂದು ಮಗುವಿಗೆ ಹೇಳುವ ತಾಯಿಯೂ, ‘ಮಠದ ಹೆಸರು ಕೆಡುತ್ತದೆ’ ಎನ್ನುವ ಮೇಲಧಿಕಾರಿಯೂ ಮಗುವಿನಿಂದ ‘ಪ್ರೊಬಾತ’ವನ್ನು ಕೇಳುತ್ತಿದ್ದಾರೆ. ಮಗು ‘ಅಲ್ಲೆಗಾತ’ವನ್ನು ಕೊಟ್ಟರೆ ಸಾಕು, ಮುಂದಿನ ಹೊರೆ ದೊಡ್ಡವರ ಹೆಗಲಿಗೆ ಸೇರಿದ್ದು.

‘ಹಾಗಾದರೆ ಇಂಥ ಸಂದರ್ಭದಲ್ಲಿ ಬಲಿಪೂಜೆಯ ಕೊನೆಯಲ್ಲಿ ಏನೆಂದು ಪ್ರಕಟಣೆ ಮಾಡಬೇಕು?’ ಎಂದು ಕಿರಿಯ ಗುರುಗಳು ಕೇಳಬಹುದು. ‘ಕೆಲವು ದುಷ್ಟ ಶಕ್ತಿಗಳು ನಮ್ಮ ಧರ್ಮಕೇಂದ್ರದ ಹೆಸರಿಗೆ ಮಸಿ ಬಳಿಯುತ್ತಿವೆ’ ಎಂದು ಖಂಡಿತ ಬೇಡ. ಅದು ಹೆಸರಿಲ್ಲದವರ ಮೇಲೆ ಹೆಸರಿಲ್ಲದ ಆರೋಪ. ‘ಆ ಮನುಷ್ಯನ ಬಣ್ಣ ಬಯಲಾಗಿದೆ’ ಎಂದೂ ಬೇಡ. ‘ಇಂಥವರ ಮೇಲೆ ಇಂಥ ದಿನ ಒಂದು ದೂರು ಬಂದಿದೆ. ದೂರನ್ನು ಪೊಲೀಸರಿಗೂ ಧರ್ಮಾಧ್ಯಕ್ಷರಿಗೂ ತಲುಪಿಸಿದ್ದೇನೆ. ಆರೋಪ ಇನ್ನೂ ರುಜುವಾತಾಗಿಲ್ಲ, ಸುಳ್ಳೆಂದೂ ತಿಳಿದುಬಂದಿಲ್ಲ. ವಿಚಾರಣೆ ಮುಗಿಯುವವರೆಗೆ ಅವರು ತಮ್ಮ ಜವಾಬ್ದಾರಿಯಿಂದ ದೂರವಿರುತ್ತಾರೆ. ದೂರು ಕೊಟ್ಟವರು ಯಾರೆಂದು ದಯವಿಟ್ಟು ಯಾರೂ ಹುಡುಕಬೇಡಿ.’ ಇಷ್ಟು ಹೇಳಿ ಪ್ರಕಟಣೆಯ ಹಾಳೆಯನ್ನು ಮಡಚಿ, ಅಂತಿಮ ಆಶೀರ್ವಾದಕ್ಕೆ ಹೋಗಬಹುದು.